ಪುಟ್ಟ ನಾಯಿಗೆ ಲಸಿಕೆ ಒಗ್ಗದಿದ್ದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಪಗ್, ಪಮೇರಿಯನ್, ಶಿಟ್ಜು, ಡ್ಯಾಶ್‌ಹಂಡ್, ಚಿವಾವಾ ಸಾಕಿದವರು ಲಸಿಕೆ ಹಾಕಿಸುವ ಮುಂಚೆ, ಹಾಕಿಸಿದ ಮೇಲೆ ನಮ್ಮ ಕ್ಲಿನಿಕ್ಕಿಗೆ ಬಂದು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ತುರ್ತಿನವು ಮೊದಲಿಗೆ ಇವೆ. ಉಳಿದವನ್ನು ಬಿಡುವಾದಾಗ ಓದಿಕೊಳ್ಳಿ. ನಿಮ್ಮ ನಾಯಿಯನ್ನು ಕೈಯಲ್ಲಿ ಮುಟ್ಟಿ ನೋಡಿದ ಡಾಕ್ಟರ್ ಹೇಳುವುದು ಇಲ್ಲಿರುವುದಕ್ಕಿಂತ ಬೇರೆಯಾಗಿದ್ದರೆ ಅವರ ಮಾತನ್ನೇ ಕೇಳಿ.

ಈಗಷ್ಟೇ ಇಂಜೆಕ್ಷನ್ ಹಾಕಿಸಿಕೊಂಡು ಬಂದೆವು, ಮುಖ ಊದಿಕೊಳ್ಳುತ್ತಿದೆ. ಏನು ಮಾಡಲಿ?

ಇಂಜೆಕ್ಷನ್ ಹಾಕಿದ ಕ್ಲಿನಿಕ್ಕಿಗೆ ಫೋನ್ ಮಾಡಿ ಹೊರಡಿ. ಬೆಳಗಾಗಲಿ ನೋಡೋಣ ಎನ್ನುವುದು ಬೇಡ. ಮುಖದ ಊತ ಹೆಚ್ಚಿನ ನಾಯಿಗಳಲ್ಲಿ ಒಂದು ಇಂಜೆಕ್ಷನ್ನಿಗೆ ಇಳಿಯುತ್ತದೆ. ಆದರೆ ಅದು ಅಲ್ಲಿಗೇ ನಿಲ್ಲುತ್ತದೋ ಗಂಟಲಿಗೆ ಇಳಿಯುತ್ತದೋ ಎಂದು ಮನೆಯಲ್ಲಿ ಕೂತು ಹೇಳಲಾಗದು. ಪಗ್, ಫ್ರೆಂಚ್ ಬುಲ್‌ಡಾಗ್, ಶಿಟ್ಜುವಿನಂಥ ಚಪ್ಪಟೆ ಮೂತಿಯ ನಾಯಿಗಳಿಗೆ ಉಸಿರಾಟದ ದಾರಿ ಮೊದಲೇ ಕಿರಿದು, ಅವುಗಳ ವಿಷಯದಲ್ಲಿ ಇನ್ನೂ ಬೇಗ ಹೊರಡಬೇಕು.

ಪಗ್‌ನಲ್ಲಿ ಈ ಊತ ತಕ್ಷಣ ಗೊತ್ತಾಗುವುದಿಲ್ಲ. ಮೂಗಿನ ಮೇಲಿನ ಆಳವಾದ ಮಡಿಕೆ ನಿಧಾನವಾಗಿ ಸಪಾಟಾಗುತ್ತದೆ, ಹಣೆಯ ಸುಕ್ಕು ಮಾಯವಾಗುತ್ತದೆ, ಕಣ್ಣು ಸಣ್ಣದಾಗುತ್ತದೆ. ನಾಯಿ ಮುಖವನ್ನು ಸೋಫಾಕ್ಕೋ ಗೋಡೆಗೋ ಉಜ್ಜಿಕೊಳ್ಳಲು ಶುರುಮಾಡಿದಾಗಲೇ ಮನೆಯವರ ಗಮನಕ್ಕೆ ಬರುವುದು. ಪಮೇರಿಯನ್ ಆದರೆ ಗಂಧೆ ಎದ್ದಿದ್ದು ಕಣ್ಣಿಗೆ ಕಾಣುವುದೇ ಇಲ್ಲ. ಬೆನ್ನಿನ ಮೇಲೆ ಕೂದಲು ಅಲ್ಲಲ್ಲಿ ಗೊಂಚಲು ಗೊಂಚಲಾಗಿ ಎದ್ದು ನಿಂತಂತೆ ತೋರುತ್ತದೆ. ಬೆರಳು ಒಳಗೆ ಹಾಕಿ ಚರ್ಮ ಸವರಿದರೆ ಗುಬುಟು ಗುಬುಟಾಗಿ ಸಿಗುತ್ತದೆ. ಹೊರಡುವ ಮುಂಚೆ ಒಂದು ಫೋಟೊ ತೆಗೆದುಕೊಳ್ಳಿ, ದಾರಿಯಲ್ಲಿ ಊತ ಏರುತ್ತಿದೆಯೋ ಇಳಿಯುತ್ತಿದೆಯೋ ಹೋಲಿಸಿ ನೋಡಲು ಡಾಕ್ಟರಿಗೆ ಅನುಕೂಲ.

ಯಾವುದು ಮಾಮೂಲಿ, ಯಾವುದಕ್ಕೆ ಓಡಬೇಕು?

ಒಂದೆರಡು ದಿನ ಮಂಕಾಗಿರುವುದು, ಸ್ವಲ್ಪ ಮೈ ಬಿಸಿ, ಅರ್ಧ ಊಟ ಬಿಡುವುದು, ಚುಚ್ಚಿದ ಜಾಗ ಮುಟ್ಟಿದರೆ ಕುಂಯ್ ಎನ್ನುವುದು, ಇವೆಲ್ಲ ಮಾಮೂಲಿ. ಮೈಯ ರಕ್ಷಣಾ ವ್ಯವಸ್ಥೆ ಕೆಲಸಕ್ಕಿಳಿದಿದೆ ಎಂದಷ್ಟೇ ಅರ್ಥ. ಮೂಗಿಗೆ ಹಾಕುವ ಕೆನಲ್ ಕಾಫ್ (ನಾಯಿಯಿಂದ ನಾಯಿಗೆ ಅಂಟುವ ಕೆಮ್ಮು) ಲಸಿಕೆಯಾದರೆ ಕೆಲವು ದಿನ ಸೀನು, ತುಸು ಕೆಮ್ಮು ಬರಬಹುದು. ಎರಡು ದಿನ ಕಳೆದರೂ ಮಂಕು ಹೋಗಿಲ್ಲ ಅಂದರೆ ಫೋನ್ ಮಾಡಿ.

ಮುಖದ ಊತ, ಗಂಧೆ, ಮೈಯೆಲ್ಲ ತುರಿಕೆ ಕಂಡರೆ ಅದೇ ಹೊತ್ತಿಗೆ ತೋರಿಸಬೇಕು. ಇವು ಸಾಮಾನ್ಯವಾಗಿ ಕೆಲವು ನಿಮಿಷಗಳಿಂದ ಕೆಲವು ಗಂಟೆಗಳ ಒಳಗೆ ಕಾಣಿಸಿಕೊಳ್ಳುತ್ತವೆ.

ಜೀವಕ್ಕೇ ಎರವಾಗುವುದು ಅನಾಫಿಲ್ಯಾಕ್ಸಿಸ್, ಅಂದರೆ ಇಡೀ ಮೈಗೆ ಒಮ್ಮೆಗೇ ಹರಡುವ ತೀವ್ರ ಅಲರ್ಜಿ. ಮನುಷ್ಯರಿಗೆ ಹೀಗಾದರೆ ಉಸಿರು ಕಟ್ಟುವುದು ಎದ್ದು ಕಾಣುತ್ತದೆ. ನಾಯಿಯಲ್ಲಿ ಪೆಟ್ಟು ಮೊದಲು ಬೀಳುವುದು ಲಿವರ್ ಮತ್ತು ಕರುಳಿಗೆ. ಹಾಗಾಗಿ ಇಂಜೆಕ್ಷನ್ ಆದ ಅರ್ಧ ಗಂಟೆಯಲ್ಲಿ ನಾಯಿ ಇದ್ದಕ್ಕಿದ್ದಂತೆ ವಾಂತಿ ಮಾಡಿ, ನೀರು ನೀರಾಗಿ ಭೇದಿ ಮಾಡಿ, ಕಾಲು ಸೋತು ಮಲಗಿಬಿಟ್ಟರೆ ಕಾರಿನ ಪ್ರಯಾಣ ಆಗಿಬರಲಿಲ್ಲ, ಬೆಳಗ್ಗೆ ತಿಂದ ಬಿಸ್ಕತ್ ಒಗ್ಗಲಿಲ್ಲ ಎಂದು ಕಾರಣ ಹುಡುಕುತ್ತ ಕೂರಬೇಡಿ. ಮುಖ ಊದದೆಯೂ, ಮೈಮೇಲೆ ಒಂದು ಗಂಧೆಯೂ ಏಳದೆಯೂ ಇದು ಆಗಬಹುದು.

ಒಸಡು ನೋಡಿ ಅನ್ನುತ್ತಾರೆ. ಹೇಗೆ ನೋಡುವುದು?

ಮೇಲ್ದುಟಿ ಎತ್ತಿ ಕೋರೆಹಲ್ಲಿನ ಮೇಲಿನ ಒಸಡು ನೋಡಿ. ಗುಲಾಬಿ ಬಣ್ಣ ಇರಬೇಕು. ಬೆರಳಿನಿಂದ ಒಮ್ಮೆ ಒತ್ತಿ ಬಿಡಿ. ಒತ್ತಿದ ಜಾಗ ಬೆಳ್ಳಗಾಗಿ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿಗೆ ತಿರುಗಬೇಕು. ಮೊದಲೇ ಬಿಳಿಚಿಕೊಂಡಿದ್ದರೆ, ಬಣ್ಣ ಮರಳಲು ತಡವಾದರೆ, ಒಸಡು ತಣ್ಣಗಿದ್ದರೆ ರಕ್ತದೊತ್ತಡ ಇಳಿಯುತ್ತಿದೆ ಎಂದೇ ತಿಳಿಯಿರಿ. ಪಗ್ ಮತ್ತು ಕೆಲವು ಪಮೇರಿಯನ್‌ಗಳ ಒಸಡು ಹುಟ್ಟಿನಿಂದಲೇ ಕಪ್ಪಾಗಿರುತ್ತದೆ. ಅಂಥವಕ್ಕೆ ಕೆಳರೆಪ್ಪೆ ಜಗ್ಗಿ ಒಳಭಾಗದ ಬಣ್ಣ ನೋಡಬೇಕು. ನಾಯಿ ಆರೋಗ್ಯವಾಗಿರುವಾಗಲೇ ಒಂದೆರಡು ಸಲ ನೋಡಿಟ್ಟುಕೊಂಡಿದ್ದರೆ ವ್ಯತ್ಯಾಸ ಬೇಗ ತಿಳಿಯುತ್ತದೆ.

ಮನೆಯಲ್ಲಿ ಸೆಟ್ರಿಝಿನ್ ಇದೆ, ಡೋಲೋ ಇದೆ. ಕೊಡಬಹುದೇ?

ಡೋಲೋ, ಕ್ರೋಸಿನ್ ಬೇಡ. ಬ್ರೂಫೆನ್ ಅಂತೂ ಬೇಡವೇ ಬೇಡ. ಅದರಲ್ಲಿರುವ ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ಕಿಡ್ನಿ ಕೆಡಿಸುತ್ತದೆ. ಎರಡು ಮೂರು ಕೆಜಿಯ ನಾಯಿಗೆ ಒಂದು ಮಾತ್ರೆಯೇ ವಿಷವಾಗಬಹುದು.

ಸೆಟ್ರಿಝಿನ್ ಬಗ್ಗೆ ಡಾಕ್ಟರ್ ಫೋನಿನಲ್ಲಿ ತೂಕ ಕೇಳಿಕೊಂಡು ಇಷ್ಟು ಕೊಡಿ ಎಂದರೆ ಕೊಡಬಹುದು. ಆದರೆ ಮಾತ್ರೆಯ ಸ್ಟ್ರಿಪ್ಪಿನ ಹಿಂಬದಿ ಓದಿ. ನೆಗಡಿಗೆಂದು ಮಾರುವ ಮಾತ್ರೆಗಳಲ್ಲಿ ಸೆಟ್ರಿಝಿನ್ ಜೊತೆಗೆ ಸ್ಯೂಡೋಎಫೆಡ್ರಿನ್ ಅಥವಾ ಫಿನೈಲ್‌ಎಫ್ರಿನ್ ಸೇರಿಸಿರುತ್ತಾರೆ. ಸ್ಯೂಡೋಎಫೆಡ್ರಿನ್ ನಾಯಿಗೆ ಬಹಳ ಅಪಾಯ. ವಾಂತಿ ಮಾಡುತ್ತಿರುವ, ಕುಸಿದಿರುವ ನಾಯಿಯ ಬಾಯಿಗೆ ಯಾವ ಮಾತ್ರೆಯನ್ನೂ ಹಾಕಬೇಡಿ. ಅದಕ್ಕೆ ಬೇಕಾದದ್ದು ಅಡ್ರಿನಲಿನ್, ಡ್ರಿಪ್, ಆಮ್ಲಜನಕ. ಇವು ಆಸ್ಪತ್ರೆಯಲ್ಲೇ ಸಿಗಬೇಕು.

ಅರಿಸಿನ ಹಚ್ಚುವುದು, ತುಳಸಿ ರಸ ಕುಡಿಸುವುದು ಇತ್ಯಾದಿ ಸಲಹೆಗಳೂ ಬರುತ್ತವೆ. ಅವುಗಳಿಂದ ಹಾನಿಗಿಂತ ಹೆಚ್ಚಾಗಿ ಹೊತ್ತು ಹಾಳು.

ಮರಿ ಕುಸಿದು ಬಿತ್ತು, ಆದರೆ ಊತ ಇಲ್ಲ, ವಾಂತಿಯೂ ಇಲ್ಲ. ಇದೂ ಲಸಿಕೆಯಿಂದಲೇ?

ಇರಬಹುದು, ಇಲ್ಲದೆಯೂ ಇರಬಹುದು. ಚಿವಾವಾ, ಯಾರ್ಕಿ, ಪುಟ್ಟ ಪಮೇರಿಯನ್ ಮರಿಗಳಿಗೆ ರಕ್ತದ ಸಕ್ಕರೆ ಇಳಿಯುವುದು ಬಹಳ ಬೇಗ. ವಾಂತಿ ಮಾಡೀತೆಂದು ಬೆಳಗ್ಗೆ ಏನೂ ಕೊಡದೆ ಕರೆತಂದಿರುತ್ತಾರೆ, ಆಟೋದಲ್ಲಿ ನಡುಗಿರುತ್ತದೆ, ಕ್ಯೂನಲ್ಲಿ ಲ್ಯಾಬ್ರಡಾರ್ ಬೊಗಳಿರುತ್ತದೆ, ಆಮೇಲೆ ಸೂಜಿ. ಮನೆಗೆ ಬಂದು ತೂಕಡಿಸಿ, ತೂರಾಡಿ, ಬಿದ್ದುಬಿಡುತ್ತದೆ. ಜೇನುತುಪ್ಪ ಅಥವಾ ಗಟ್ಟಿ ಸಕ್ಕರೆ ನೀರನ್ನು ಬೆರಳಿಗೆ ಹಚ್ಚಿ ಒಸಡಿಗೆ ಸವರಿ, ಬಟ್ಟೆಯಲ್ಲಿ ಬೆಚ್ಚಗೆ ಸುತ್ತಿಕೊಂಡು ಹೊರಡಿ. ಸಕ್ಕರೆ ನೀರನ್ನು ಬಾಯಿಗೆ ಸುರಿಯಬಾರದು, ಶ್ವಾಸಕೋಶಕ್ಕೆ ಹೋಗುತ್ತದೆ. ಲಸಿಕೆಗೆಂದು ಮರಿಯನ್ನು ಉಪವಾಸ ಕರೆತರುವ ಅಗತ್ಯವೇ ಇಲ್ಲ. ಲಘುವಾಗಿ ತಿನ್ನಿಸಿಯೇ ತನ್ನಿ.

ಲಸಿಕೆಯಿಂದ ತೊಂದರೆ ಎಷ್ಟು ನಾಯಿಗಳಿಗೆ ಆಗುತ್ತದೆ?

ಅಮೆರಿಕದ ಒಂದು ದೊಡ್ಡ ಆಸ್ಪತ್ರೆ ಸರಪಳಿಯ ದಾಖಲೆ ಇಟ್ಟುಕೊಂಡು ಎರಡು ಸಲ ಲೆಕ್ಕ ಹಾಕಿದ್ದಾರೆ. 2002 ಮತ್ತು 2003ರಲ್ಲಿ ಲಸಿಕೆ ಪಡೆದ 12 ಲಕ್ಷಕ್ಕೂ ಹೆಚ್ಚು ನಾಯಿಗಳಲ್ಲಿ, ಮೂರು ದಿನದೊಳಗೆ ತೊಂದರೆ ದಾಖಲಾದದ್ದು 10,000ಕ್ಕೆ ಸುಮಾರು 38. 2016ರಿಂದ 2020ರವರೆಗಿನ ದಾಖಲೆ ನೋಡಿದ ಎರಡನೇ ಅಧ್ಯಯನದಲ್ಲಿ 46 ಲಕ್ಷಕ್ಕೂ ಹೆಚ್ಚು ನಾಯಿಗಳಿದ್ದವು. ಅಲ್ಲಿ ಲಸಿಕೆ ಹಾಕಿಸಿದ 10,000 ಭೇಟಿಗಳಿಗೆ 19ರ ಆಸುಪಾಸು. ಇವುಗಳಲ್ಲಿ ಬಹುಪಾಲು ಮುಖದ ಊತ, ಗಂಧೆ, ವಾಂತಿ, ಮಂಕು. ಸಾವು ತೀರ ಅಪರೂಪ. ಜಪಾನಿನಲ್ಲಿ 57,300 ನಾಯಿಗಳ ಸಮೀಕ್ಷೆಯಲ್ಲಿ 10,000ಕ್ಕೆ 7ರಷ್ಟು ನಾಯಿಗಳಿಗೆ ಅನಾಫಿಲ್ಯಾಕ್ಸಿಸ್ ಆಗಿತ್ತು. ಅಲ್ಲಿ ಮಿನಿಯೇಚರ್ ಡ್ಯಾಶ್‌ಹಂಡ್ ಸಾಕುವವರು ಬಹಳ. ತೊಂದರೆಯಾದ ನಾಯಿಗಳಲ್ಲೂ ಅವುಗಳ ಪಾಲು ದೊಡ್ಡದು.

ಎರಡೂ ಅಮೆರಿಕನ್ ಅಧ್ಯಯನಗಳು ಹೇಳಿದ ಒಂದು ಮಾತು ಒಂದೇ. ನಾಯಿ ಚಿಕ್ಕದಾದಷ್ಟೂ ಅಪಾಯ ಜಾಸ್ತಿ, ಒಂದೇ ಭೇಟಿಯಲ್ಲಿ ಸೂಜಿ ಹೆಚ್ಚಿದಷ್ಟೂ ಅಪಾಯ ಜಾಸ್ತಿ. ಮೊದಲ ಅಧ್ಯಯನದ ಪ್ರಕಾರ ಅದೇ ದಿನ ಹಾಕಿದ ಪ್ರತಿ ಹೆಚ್ಚುವರಿ ಲಸಿಕೆಗೆ 10 ಕೆಜಿಗಿಂತ ಮೇಲಿನ ನಾಯಿಗೆ ಅಪಾಯ ಶೇ 12ರಷ್ಟು ಏರಿದರೆ, 10 ಕೆಜಿ ಮತ್ತು ಅದಕ್ಕಿಂತ ಕಡಿಮೆ ತೂಕದ ನಾಯಿಗೆ ಶೇ 27ರಷ್ಟು ಏರುತ್ತಿತ್ತು. ಈ ಎರಡು ಅಂಕಿಯನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಯಾವ ತಳಿಗಳಿಗೆ ಹೆಚ್ಚು?

ಡ್ಯಾಶ್‌ಹಂಡ್, ಪಗ್, ಬಾಸ್ಟನ್ ಟೆರಿಯರ್, ಮಿನಿಯೇಚರ್ ಪಿನ್ಷರ್, ಚಿವಾವಾ ಮೊದಲ ಅಧ್ಯಯನದ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿದ್ದವು. ಎರಡನೆಯದರಲ್ಲಿ ಫ್ರೆಂಚ್ ಬುಲ್‌ಡಾಗ್ ಮುಂದೆ ಬಂತು. ನಮ್ಮ ಕಡೆ ಪಗ್ ಮನೆಮನೆಗೆ ಬಂದದ್ದು 2003ರ ಆ ಹಚ್ ಮೊಬೈಲ್ ಜಾಹೀರಾತಿನ ನಂತರ. ಹಾಗಾಗಿ ಕರ್ನಾಟಕದ ಕ್ಲಿನಿಕ್ಕುಗಳಿಗೆ ಊದಿದ ಪಗ್ ಮುಖ ಹೊಸದೇನಲ್ಲ. ಬೀದಿನಾಯಿ ಮರಿ ದತ್ತು ತಂದವರಿಗೆ ಈ ತಲೆನೋವು ಕಡಿಮೆ.

ಚಿಕ್ಕ ನಾಯಿಗೇ ಏಕೆ? ಡೋಸ್ ಜಾಸ್ತಿಯಾಗಿ ಹೀಗಾಗುತ್ತದೆಯೇ?

ಎರಡು ಕೆಜಿಯ ಚಿವಾವಾಗೂ 60 ಕೆಜಿಯ ಗ್ರೇಟ್ ಡೇನ್‌ಗೂ ಅದೇ 1 ಮಿಲಿ. ಮೊದಲ ಸಲ ಕೇಳಿದವರಿಗೆ ಅನ್ಯಾಯ ಅನ್ನಿಸುವುದು ಸಹಜ. ಆದರೆ ಲಸಿಕೆ ಜ್ವರದ ಔಷಧಿಯಂತೆ ರಕ್ತದಲ್ಲಿ ಹರಡಿ ತೂಕಕ್ಕೆ ತಕ್ಕಂತೆ ಕೆಲಸ ಮಾಡುವುದಲ್ಲ. ಪಾವು ಹಾಲಿಗೂ ಸೇರು ಹಾಲಿಗೂ ಹೆಪ್ಪು ಒಂದೇ ಚಮಚ ಸಾಕಾಗುವ ಹಾಗೆ ಇದು. ರಕ್ಷಣಾ ಕಣಗಳಿಗೆ ರೋಗಾಣುವಿನ ಗುರುತು ಸಿಗಲು ಇಂತಿಷ್ಟು ಬೇಕು ಎಂಬ ಕನಿಷ್ಠ ಪ್ರಮಾಣವಿದೆ, ಅದು ಮೈ ಗಾತ್ರ ನೋಡುವುದಿಲ್ಲ.

ಅಡ್ಡಪರಿಣಾಮದ ಕಡೆಯಿಂದ ನೋಡಿದರೆ ಚಿತ್ರ ಬೇರೆ. ಲಸಿಕೆಯಲ್ಲಿ ರೋಗಾಣುವಿನ ಜೊತೆ ಬರುವ ಇತರ ಪ್ರೋಟೀನುಗಳು ಪುಟ್ಟ ಮೈಗೆ ಕೆಜಿ ಲೆಕ್ಕದಲ್ಲಿ ಹೆಚ್ಚಾಗಿ ಬೀಳುತ್ತವೆ. ತೂಕ ಒಂದೇ ಇದ್ದರೂ ಕೆಲವು ತಳಿಗಳಿಗೆ ಮಾತ್ರ ಹೆಚ್ಚು ತೊಂದರೆಯಾಗುವುದನ್ನು ನೋಡಿದರೆ ವಂಶವಾಹಿಯ ಕೈಯೂ ಇದೆ.

ಹಾಗಾದರೆ ಅರ್ಧ ಡೋಸ್ ಹಾಕಿಸಬಹುದಲ್ಲ?

ನಾನು ಹಾಕುವುದಿಲ್ಲ. ಅಲರ್ಜಿ ಇರುವ ನಾಯಿಗೆ ಅರ್ಧ ಮಿಲಿಯೂ ಸಾಕು ಮುಖ ಊದಲು. ಇನ್ನೊಂದು ಕಡೆ, ಅರ್ಧದಲ್ಲಿ ರಕ್ಷಣೆ ಸಿಕ್ಕಿತೋ ಇಲ್ಲವೋ ಖಾತ್ರಿಯಿಲ್ಲ. ಎರಡೂ ಕಡೆಯಿಂದ ನಷ್ಟ. ವಯಸ್ಕ ಪುಟ್ಟ ನಾಯಿಗಳಲ್ಲಿ ಅರ್ಧ ಡೋಸಿಗೂ ಪ್ರತಿಕಾಯ (ರೋಗಾಣುವಿನ ವಿರುದ್ಧ ಮೈ ತಯಾರಿಸುವ ರಕ್ಷಣಾ ಪ್ರೋಟೀನು) ಏರಿತು ಎಂಬ ಸಣ್ಣ ಪ್ರಯೋಗವೊಂದನ್ನು ಜನ ತೋರಿಸುತ್ತಾರೆ. ಅದರಲ್ಲಿದ್ದದ್ದು ಬೆರಳೆಣಿಕೆಯ ನಾಯಿಗಳು, ಅವೂ ಮೊದಲೇ ಲಸಿಕೆ ಪಡೆದವು. ಮೊದಲ ಸಲ ಲಸಿಕೆ ಪಡೆಯುವ ಮರಿಗೆ, ಅದರಲ್ಲೂ ರೇಬಿಸ್‌ಗೆ, ಆ ಲೆಕ್ಕ ಹಿಡಿಯಲಾಗದು. ಅರ್ಧ ಮಿಲಿಯಲ್ಲೇ ಪೂರ್ಣ ಡೋಸ್ ಇರುವಂತೆ ಕಂಪನಿಯೇ ತಯಾರಿಸಿದ ಲಸಿಕೆಗಳು ಕೆಲವು ದೇಶಗಳಲ್ಲಿವೆ, ಅದು ಬೇರೆ ಮಾತು.

ಅಲರ್ಜಿ ಆಗುವುದು ಲಸಿಕೆಯಲ್ಲಿನ ಯಾವುದಕ್ಕೆ?

ಹೆಚ್ಚಾಗಿ ರೋಗಾಣುವಿಗೆ ಅಲ್ಲ. ವೈರಸ್ ಬೆಳೆಸುವಾಗ ಪೋಷಣೆಗೆ ಹಾಕುವ ಕರುವಿನ ರಕ್ತಸಾರ, ಲಸಿಕೆ ಕೆಡದಂತೆ ಸೇರಿಸುವ ಜೆಲಟಿನ್, ಹಾಲಿನ ಕೇಸಿನ್, ಇವುಗಳ ಮೇಲೆ ಸಂಶಯ. ಲಸಿಕೆಯಿಂದ ತೊಂದರೆಯಾದ ನಾಯಿಗಳ ರಕ್ತದಲ್ಲಿ ಇವುಗಳ ವಿರುದ್ಧ ಐಜಿಇ ಎಂಬ, ಅಲರ್ಜಿ ಎಬ್ಬಿಸುವ ಪ್ರತಿಕಾಯ ಇದ್ದದ್ದನ್ನು ಜಪಾನಿನ ಸಂಶೋಧಕರು ತೋರಿಸಿದ್ದಾರೆ. ಮೊದಲ ಡೋಸಿಗೆ ಏನೂ ಆಗದೆ ಎರಡನೆಯದಕ್ಕೋ ಮುಂದಿನ ವರ್ಷಕ್ಕೋ ಮುಖ ಊದುವುದು ಇದರಿಂದಲೇ. ಮೊದಲ ಸಲ ಮೈ ಆ ಪ್ರೋಟೀನನ್ನು ಗುರುತು ಹಿಡಿದಿಟ್ಟುಕೊಂಡಿರುತ್ತದೆ. "ಹೋದ ವರ್ಷ ಇದೇ ಇಂಜೆಕ್ಷನ್ ಹಾಕಿಸಿದ್ದೆವಲ್ಲ ಸಾರ್, ಏನೂ ಆಗಿರಲಿಲ್ಲ" ಎನ್ನುವವರಿಗೆ ಉತ್ತರ ಇದೇ.

ಮತ್ತೆ ಮತ್ತೆ ಬರುವುದು ಕಷ್ಟ. ಒಂದೇ ದಿನ ಎಲ್ಲ ಹಾಕಿಸಿ ಮುಗಿಸಿದರೆ?

ಚಿಕ್ಕ ನಾಯಿಗೆ ಬೇಡ. ನಿಮ್ಮ ಕೈಯಲ್ಲಿರುವ ಹತೋಟಿ ಇದೊಂದೇ. ತಳಿ ಬದಲಿಸಲಾಗದು, ತೂಕ ಬದಲಿಸಲಾಗದು, ಒಂದು ದಿನಕ್ಕೆ ಎಷ್ಟು ಸೂಜಿ ಎನ್ನುವುದನ್ನು ಬದಲಿಸಬಹುದು. ಮೇಲೆ ಹೇಳಿದ ಶೇ 27 ನೆನಪಿದೆಯಲ್ಲ?

ನಾವು ಮಾಡುವ ಕ್ರಮ ಹೀಗೆ. ಡಿಸ್ಟೆಂಪರ್, ಪಾರ್ವೊ, ಅಡಿನೊ ಎಂಬ ವೈರಸ್ ರೋಗಗಳನ್ನು ತಡೆಯುವ ಸಂಯುಕ್ತ ಲಸಿಕೆ ಒಂದು ದಿನ. ಮೂರು ನಾಲ್ಕು ವಾರ ಬಿಟ್ಟು ರೇಬಿಸ್. ಇಲಿ ಜ್ವರದ್ದು ಇನ್ನೊಂದು ದಿನ. ಎರಡು ಲಸಿಕೆಗಳ ನಡುವೆ ಎರಡು ವಾರಕ್ಕಿಂತ ಕಡಿಮೆ ಅಂತರ ಇಡಬೇಡಿ, ಒಂದು ಇನ್ನೊಂದರ ಕೆಲಸಕ್ಕೆ ಅಡ್ಡ ಬರಬಹುದು. ಬೇರೆ ಬೇರೆ ಹಾಕುವುದರಿಂದ ಇನ್ನೊಂದು ಲಾಭ. ತೊಂದರೆಯಾದರೆ ಯಾವುದರಿಂದ ಎಂದು ಗೊತ್ತಾಗುತ್ತದೆ. ಮೂರನ್ನೂ ಒಂದೇ ಸಂಜೆ ಹಾಕಿಸಿ ಮುಖ ಊದಿದರೆ ಮುಂದಿನ ವರ್ಷ ಮೂರರ ಮೇಲೂ ಸಂಶಯಪಡಬೇಕಾಗುತ್ತದೆ.

ಇಲ್ಲಿ ಒಂದು ಚಿಕ್ಕ ವಿಷಯ ಗಮನಿಸಿ. ಡಾಕ್ಟರ್ ಫ್ರಿಜ್ಜಿನಿಂದ ಎರಡು ಪುಟ್ಟ ಬಾಟಲಿ ತೆಗೆಯುತ್ತಾರೆ. ಒಂದರ ತಳದಲ್ಲಿ ಬಿಳಿ ಬಿಲ್ಲೆಯಂತೆ ಒಣಗಿದ ಪುಡಿ ಇರುತ್ತದೆ, ಅದು ಡಿಸ್ಟೆಂಪರ್, ಪಾರ್ವೊ ಮೊದಲಾದ ವೈರಸ್‌ಗಳದ್ದು. ಇನ್ನೊಂದರಲ್ಲಿ ದ್ರವ. ಸಿರಿಂಜಿನಲ್ಲಿ ದ್ರವ ಎಳೆದು ಪುಡಿಯ ಬಾಟಲಿಗೆ ಬಿಟ್ಟು ಕರಗಿಸಿ ಒಂದೇ ಸೂಜಿಯಲ್ಲಿ ಹಾಕುತ್ತಾರೆ. ಆ ದ್ರವ ಬರೀ ನೀರು ಎಂದು ಬಹಳ ಜನ ತಿಳಿದಿದ್ದಾರೆ. ಹಲವು ಬ್ರ್ಯಾಂಡುಗಳಲ್ಲಿ ಅದೇ ಇಲಿ ಜ್ವರದ ಲಸಿಕೆ. ಹಾಗಾಗಿ ಡಾಕ್ಟರನ್ನು ಕೇಳಿದರೆ ಪುಡಿಯನ್ನು ಬರೀ ಕರಗಿಸುವ ದ್ರವದಲ್ಲಿ ಕಲಸಿ ಒಂದು ದಿನ, ಇಲಿ ಜ್ವರದ್ದನ್ನು ಮತ್ತೊಂದು ದಿನ ಹಾಕಲು ಬರುತ್ತದೆ.

ಸೆವೆನ್ ಇನ್ ಒನ್, ನೈನ್ ಇನ್ ಒನ್, ಟೆನ್ ಇನ್ ಒನ್ ಎಂಬ ಸಂಖ್ಯೆಗಳಿಗೂ ಮರುಳಾಗಬೇಡಿ. ಅಂಕಿ ಏರುವುದು ಬಹುಮಟ್ಟಿಗೆ ಇಲಿ ಜ್ವರದ ಬೇರೆ ಬೇರೆ ಪ್ರಭೇದಗಳಿಂದ ಮತ್ತು ಕೊರೊನಾದಿಂದ. ನಾಯಿಯ ಕರುಳಿನ ಕೊರೊನಾಗೆ ಲಸಿಕೆ ಬೇಕಿಲ್ಲ ಎಂಬುದು ವಿಶ್ವ ಸಣ್ಣ ಪ್ರಾಣಿ ಪಶುವೈದ್ಯ ಸಂಘದ ನಿಲುವು. ನಾಯಿಗೆ ಬೇಕಾದ್ದು ಇರಲಿ, ಬೇಡದ್ದು ಯಾಕೆ?

ಇಲಿ ಜ್ವರದ ಲಸಿಕೆಯೇ ಎಲ್ಲಕ್ಕೂ ಕಾರಣ ಅನ್ನುತ್ತಾರಲ್ಲ?

ಹಳೆಯ ಕಾಲದ ಲಸಿಕೆಗಳಿಂದ ಬಂದ ಕೆಟ್ಟ ಹೆಸರು ಅದು. ಈಗಿನವು ಹೆಚ್ಚು ಶುದ್ಧೀಕರಿಸಿದವು. ಬೇರೆ ಲಸಿಕೆಗಳಿಗಿಂತ ಬಹಳ ಕೆಟ್ಟದ್ದೇನೂ ಅಲ್ಲ ಎಂಬುದೇ ಇತ್ತೀಚಿನ ತಜ್ಞರ ಅಭಿಪ್ರಾಯ. ಮಂಗಳೂರು, ಉಡುಪಿ, ಶಿವಮೊಗ್ಗ, ಉತ್ತರ ಕನ್ನಡದ ಕಡೆ ತೋಟ, ಗದ್ದೆ, ಕೊಟ್ಟಿಗೆಯ ಪಕ್ಕದಲ್ಲಿ ಓಡಾಡುವ ನಾಯಿಗೆ ಇದನ್ನು ಬಿಡಿಸಲು ನಾನು ಒಪ್ಪುವುದಿಲ್ಲ. ರೋಗ ಮನುಷ್ಯರಿಗೂ ಬರುತ್ತದೆ, ಮಳೆಗಾಲದಲ್ಲಿ ಪ್ರತಿ ವರ್ಷ ಪತ್ರಿಕೆಯಲ್ಲಿ ಓದುತ್ತೀರಿ. ಬೆಂಗಳೂರಿನ ಒಂಬತ್ತನೇ ಮಹಡಿಯಲ್ಲಿ ಇರುವ, ಬಾಲ್ಕನಿಯಲ್ಲೇ ಮೂತ್ರ ಮಾಡುವ, ಹಿಂದೆ ಇದಕ್ಕೆ ಮುಖ ಊದಿಸಿಕೊಂಡ ಶಿಟ್ಜು ಆದರೆ ಚರ್ಚೆ ಮಾಡೋಣ.

ಹೋದ ಸಲ ರಿಯಾಕ್ಷನ್ ಆಗಿತ್ತು. ಇನ್ನು ಲಸಿಕೆಯೇ ಬೇಡವೇ?

ಏನಾಗಿತ್ತು ಎನ್ನುವುದರ ಮೇಲಿದೆ. ಒಂದು ದಿನ ಮಂಕಾಗಿತ್ತು, ಅಷ್ಟೇ ಅಂದರೆ ಮುಂದುವರಿಸಬಹುದು.

ಮುಖ ಊದಿತ್ತು, ಗಂಧೆ ಎದ್ದಿತ್ತು ಅಂದರೆ ಕ್ರಮ ಬದಲಿಸಬೇಕು. ಒಂದು ಭೇಟಿಗೆ ಒಂದೇ ಲಸಿಕೆ. ಸಾಧ್ಯವಾದರೆ ಬೇರೆ ಕಂಪನಿಯದ್ದು, ಅದರಲ್ಲಿ ಬಳಸಿದ ಪ್ರೋಟೀನು ಬೇರೆಯಾಗಿರಬಹುದು. ಹಾಕುವ ಅರ್ಧ ಗಂಟೆ ಮುಂಚೆ ಅವಿಲ್‌ನಂಥ ಅಲರ್ಜಿ ನಿರೋಧಕ ಇಂಜೆಕ್ಷನ್ ಕೊಡುವ ರೂಢಿ ಇದೆ. ಅದರಿಂದ ಗಂಧೆ, ಊತ ಕಡಿಮೆಯಾಗಬಹುದು, ಆದರೆ ಅನಾಫಿಲ್ಯಾಕ್ಸಿಸ್ ತಡೆಯುತ್ತದೆಂಬ ಭರವಸೆ ಇಲ್ಲ. ಅವಿಲ್ ಕೊಟ್ಟಾಗಿದೆ ಎಂದು ತಕ್ಷಣ ಮನೆಗೆ ಹೊರಡುವವರನ್ನು ನಾನು ತಡೆದು ಕೂರಿಸುತ್ತೇನೆ.

ಕಾಯುವುದು ಎಲ್ಲಿ, ಎಷ್ಟು ಹೊತ್ತು ಎಂಬುದೂ ಮುಖ್ಯ. ಮೊದಲ ಸಲದವರಿಗೆ ಅರ್ಧ ಗಂಟೆ ಸಾಕು. ಹಿಂದೆ ತೊಂದರೆಯಾದ ನಾಯಿಯನ್ನು ಮೂರು ನಾಲ್ಕು ಗಂಟೆ ಕ್ಲಿನಿಕ್ಕಿನಲ್ಲೋ ಹತ್ತಿರದಲ್ಲೋ ಇಟ್ಟುಕೊಳ್ಳುವುದು ಒಳ್ಳೆಯದು. ಹೊತ್ತನ್ನೂ ಆರಿಸಿ. ಸಂಜೆ 7ಕ್ಕೆ ಲಸಿಕೆ ಹಾಕಿಸಿದರೆ 9ಕ್ಕೆ ಮುಖ ಊದುವಾಗ ಕ್ಲಿನಿಕ್ಕಿನ ಶಟರ್ ಎಳೆದಿರುತ್ತದೆ. ಶನಿವಾರ ಸಂಜೆಯಂತೂ ಬೇಡ. ವಾರದ ದಿನ, ಬೆಳಗ್ಗೆ ಮೊದಲ ಅಪಾಯಿಂಟ್‌ಮೆಂಟ್ ಕೇಳಿ. ಅಡ್ರಿನಲಿನ್ ಇಟ್ಟಿದ್ದೀರಾ ಎಂದು ಕೇಳಲು ಸಂಕೋಚ ಬೇಡ. ಒಳ್ಳೆಯ ಡಾಕ್ಟರಿಗೆ ಆ ಪ್ರಶ್ನೆಯಿಂದ ಬೇಸರವಾಗುವುದಿಲ್ಲ.

ಕುಸಿದು ಬಿದ್ದಿತ್ತು, ಡ್ರಿಪ್ ಹಾಕಿ ಉಳಿಸಿಕೊಂಡರು ಅಂದರೆ ಆ ಲಸಿಕೆಯನ್ನು ಮತ್ತೆ ಹಾಕುವ ಮುಂಚೆ ನೂರು ಸಲ ಯೋಚಿಸಬೇಕು. ಆಗ ಮುಂದಿನ ಪ್ರಶ್ನೆ ಬರುತ್ತದೆ.

ಪ್ರತಿ ವರ್ಷ ಎಲ್ಲವನ್ನೂ ಹಾಕಿಸಲೇಬೇಕೇ?

ಇಲ್ಲ. ಕ್ಯಾಲೆಂಡರ್ ನೋಡಿ ವರ್ಷಕ್ಕೊಮ್ಮೆ ಎಲ್ಲವನ್ನೂ ಹಾಕುವ ಅಭ್ಯಾಸ ನಮ್ಮಲ್ಲಿ ಇನ್ನೂ ಹೋಗಿಲ್ಲ. ಮರಿಯ ಸರಣಿ ಸರಿಯಾಗಿ ಮುಗಿದು, ಕೊನೆಯ ಡೋಸ್ 16 ವಾರ ತುಂಬಿದ ಮೇಲೆ ಬಿದ್ದು, ಆರು ತಿಂಗಳಿಗೋ ವರ್ಷಕ್ಕೋ ಬೂಸ್ಟರ್ ಆದ ನಾಯಿಗೆ ಡಿಸ್ಟೆಂಪರ್, ಪಾರ್ವೊ, ಅಡಿನೊ ಲಸಿಕೆ ಮೂರು ವರ್ಷಕ್ಕಿಂತ ಬೇಗ ಬೇಕಿಲ್ಲ ಎಂದು ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಇಲಿ ಜ್ವರದ್ದು ಮಾತ್ರ ವರ್ಷಕ್ಕೊಮ್ಮೆ, ಅದರ ರಕ್ಷಣೆ ಅಷ್ಟೇ ದಿನ.

ತೊಂದರೆಯಾದ ನಾಯಿಗಳಿಗೆ ಟೈಟರ್ ಪರೀಕ್ಷೆ ಒಳ್ಳೆಯ ದಾರಿ. ಸ್ವಲ್ಪ ರಕ್ತ ತೆಗೆದು ಡಿಸ್ಟೆಂಪರ್, ಪಾರ್ವೊ, ಅಡಿನೊ ವಿರುದ್ಧ ಪ್ರತಿಕಾಯ ಇದೆಯೇ ನೋಡುತ್ತಾರೆ. ಇದ್ದರೆ ಆ ಲಸಿಕೆಯನ್ನು ಮುಂದೂಡಬಹುದು. ಇಲಿ ಜ್ವರಕ್ಕೆ ಈ ಲೆಕ್ಕ ನಡೆಯುವುದಿಲ್ಲ. ಪರೀಕ್ಷೆಯ ಖರ್ಚು ಲಸಿಕೆಗಿಂತ ಜಾಸ್ತಿ, ಎಲ್ಲ ಊರಲ್ಲೂ ಸೌಲಭ್ಯವಿಲ್ಲ, ಅದೊಂದು ತೊಡಕು.

ಮರಿಗಳ ಮಾತು ಬೇರೆ. ತಾಯಿಯಿಂದ ಬಂದ ಪ್ರತಿಕಾಯ ಲಸಿಕೆಯನ್ನು ಕೆಲಸ ಮಾಡಲು ಬಿಡುವುದಿಲ್ಲ, ಅದು ಯಾವಾಗ ಇಳಿಯುತ್ತದೆಂದು ಮರಿಯಿಂದ ಮರಿಗೆ ಬೇರೆ. ಅದಕ್ಕೇ ಎರಡು ಮೂರು ಸಲ ಹಾಕುವುದು. ಮುಖ ಊದೀತೆಂದು ಹೆದರಿ ಮರಿಯ ಸರಣಿಯನ್ನೇ ನಿಲ್ಲಿಸಿದವರು ಆಮೇಲೆ ಪಾರ್ವೊ ಹಿಡಿದು ರಕ್ತಭೇದಿ ಮಾಡುವ ಮರಿಯನ್ನು ಎತ್ತಿಕೊಂಡು ಬರುತ್ತಾರೆ. ಊದಿದ ಮುಖವನ್ನು ಇಳಿಸಬಹುದು. ಪಾರ್ವೊ ಬಂದ ಒಂದೂವರೆ ಕೆಜಿಯ ಮರಿಯನ್ನು ಉಳಿಸಿಕೊಳ್ಳುವುದು ಬಹಳ ಕಷ್ಟ.

ನಮ್ಮ ನಾಯಿ ಮನೆಯಿಂದ ಹೊರಗೇ ಹೋಗುವುದಿಲ್ಲ. ರೇಬಿಸ್ ಬಿಡಬಹುದೇ?

ಬಿಡಬೇಡಿ. ಹುಚ್ಚುನಾಯಿ ರೋಗದ ಲಕ್ಷಣ ಕಂಡಮೇಲೆ ನಾಯಿಗೂ ಉಳಿವಿಲ್ಲ, ಮನುಷ್ಯರಿಗೂ ಉಳಿವಿಲ್ಲ. ಮನುಷ್ಯರಿಗೆ ಬರುವ ರೇಬಿಸ್‌ನಲ್ಲಿ ಶೇ 99ರವರೆಗೆ ನಾಯಿಯಿಂದಲೇ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಗೇಟು ತೆರೆದಾಗ ಓಡಿದ ಪಮೇರಿಯನ್‌ಗೆ ಬೀದಿನಾಯಿ ಕಚ್ಚಲು ಒಂದು ನಿಮಿಷ ಸಾಕು. ಬೆಂಗಳೂರಿನಲ್ಲಿ ಸಾಕುನಾಯಿಯ ಲೈಸೆನ್ಸಿಗೂ ರೇಬಿಸ್ ಲಸಿಕೆಯ ದಾಖಲೆ ಕೇಳುತ್ತಾರೆ.

ಮರಿಗೆ 12 ವಾರ ತುಂಬಿದ ಮೇಲೆ ಮೊದಲನೆಯದು, ವರ್ಷಕ್ಕೆ ಬೂಸ್ಟರ್. ಆಮೇಲೆ ಎಷ್ಟು ಅಂತರ ಎಂಬುದು ಆಯಾ ಲಸಿಕೆಯ ಲೇಬಲ್ ಮತ್ತು ಸ್ಥಳೀಯ ನಿಯಮ. ರೇಬಿಸ್‌ಗೇ ಅನಾಫಿಲ್ಯಾಕ್ಸಿಸ್ ಆದ ನಾಯಿಯ ವಿಷಯದಲ್ಲಿ ಅಮೆರಿಕದ ಹಲವು ರಾಜ್ಯಗಳಲ್ಲಿ ಪಶುವೈದ್ಯರ ಪತ್ರದ ಮೇಲೆ ವಿನಾಯಿತಿ ಸಿಗುತ್ತದೆ. ಆದರೆ ಅಲ್ಲಿ ನಾಯಿಗಳ ನಡುವೆ ಹರಡುವ ರೇಬಿಸ್ ಪ್ರಭೇದವೇ ಇಲ್ಲ. ಅವರ ಧೈರ್ಯ ನಮಗೆ ಬರಲಾರದು. ಇಂಥ ನಾಯಿಗಳಿಗೆ ತುರ್ತು ಚಿಕಿತ್ಸೆಯ ವ್ಯವಸ್ಥೆ ಇರುವ ದೊಡ್ಡ ಆಸ್ಪತ್ರೆಯಲ್ಲಿ, ಮೊದಲೇ ಮುಂಗಾಲಿಗೆ ಸೂಜಿನಾಳ ಹಾಕಿಟ್ಟುಕೊಂಡು ಬೇರೆ ಬ್ರ್ಯಾಂಡ್ ಪ್ರಯತ್ನಿಸುವುದುಂಟು. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಂಥ ಕಡೆ ಹೋಗಿ ಸಲಹೆ ಕೇಳಿ.

ಸೆಪ್ಟೆಂಬರ್ 28ರ ಉಚಿತ ಶಿಬಿರದಲ್ಲಿ ಹಾಕಿಸಬಹುದೇ?

ಹಿಂದೆ ಯಾವ ತೊಂದರೆಯೂ ಆಗದ ನಾಯಿಗೆ ಧಾರಾಳವಾಗಿ. ವಿಶ್ವ ರೇಬಿಸ್ ದಿನದ ಶಿಬಿರಗಳಿಂದ ಬಹಳ ಉಪಕಾರವಾಗಿದೆ. ಹಿಂದೆ ಮುಖ ಊದಿದ ನಾಯಿಗೆ ಮಾತ್ರ ಆ ಗದ್ದಲ, ಆ ಸಾಲು ಬೇಡ.

ಮೆಡಿಕಲ್ ಶಾಪಿನಲ್ಲಿ ಲಸಿಕೆ ಸಿಗುತ್ತದೆ, ಕಾಂಪೌಂಡರ್ ಮನೆಗೇ ಬಂದು ಚುಚ್ಚುತ್ತಾರೆ. ಪರವಾಗಿಲ್ಲವೇ?

ಲಸಿಕೆ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಅಂಗಡಿಯಿಂದ ಮನೆಗೆ ಸ್ಕೂಟರಿನ ಡಿಕ್ಕಿಯಲ್ಲಿ ಬಂದ ಬಾಟಲಿಗೆ ಏನಾಯಿತೆಂದು ಯಾರೂ ಹೇಳಲಾರರು. ಅದಕ್ಕಿಂತ ದೊಡ್ಡ ಚಿಂತೆ ಎಂದರೆ ನಾಯಿ ಕುಸಿದರೆ ಮನೆಯಲ್ಲಿ ಅಡ್ರಿನಲಿನ್ ಇಲ್ಲ.

ಚುಚ್ಚಿದ ಜಾಗದಲ್ಲಿ ಗಂಟಾಗಿದೆ.

ಅವರೆಕಾಳಿನಷ್ಟು ಗಂಟು ಕೆಲವು ವಾರಗಳಲ್ಲಿ ತಾನೇ ಕರಗುತ್ತದೆ. ಉಜ್ಜಬೇಡಿ, ಶಾಖ ಕೊಡಬೇಡಿ. ದೊಡ್ಡದಾಗುತ್ತಿದ್ದರೆ, ಬಿಸಿಯಾಗಿ ಕೀವು ತುಂಬಿದಂತಿದ್ದರೆ, ಮೂರು ತಿಂಗಳಾದರೂ ಹೋಗದಿದ್ದರೆ ತೋರಿಸಿ.

ರೇಬಿಸ್ ಹಾಕಿಸಿ ಎರಡು ತಿಂಗಳಾಗಿದೆ. ಆ ಜಾಗದಲ್ಲಿ ಕೂದಲು ಉದುರಿ ಬೋಳಾಗಿದೆ. ಸಂಬಂಧ ಇದೆಯೇ?

ಇರಬಹುದು. ಪೂಡಲ್, ಮಾಲ್ಟೀಸ್, ಯಾರ್ಕಿ, ಬಿಷಾನ್‌ನಂಥ ಮೃದು ಕೂದಲಿನ ಪುಟ್ಟ ತಳಿಗಳಲ್ಲಿ ರೇಬಿಸ್ ಲಸಿಕೆಯ ನಂತರ ವಾರಗಳೋ ತಿಂಗಳುಗಳೋ ಕಳೆದು ಹೀಗಾಗುತ್ತದೆ. ಆ ಜಾಗದ ಸಣ್ಣ ರಕ್ತನಾಳಗಳು ಉರಿಯೂತದಿಂದ ಹಾಳಾಗಿ ಕೂದಲ ಬೇರಿಗೆ ರಕ್ತ ಸಿಗದೆ ಉದುರುತ್ತದೆ. ಚರ್ಮ ಕಪ್ಪಾಗಬಹುದು. ಬರೀ ಒಂದು ರೂಪಾಯಿ ನಾಣ್ಯದಷ್ಟು ಬೋಳಾಗಿದ್ದರೆ ಅಂದಕ್ಕಷ್ಟೇ ಕುಂದು. ಕಿವಿಯ ಅಂಚು, ಬಾಲದ ತುದಿ, ಪಾದದಲ್ಲೂ ಹುಣ್ಣು ಕಂಡರೆ ಅದು ಮೈಯೆಲ್ಲ ಹರಡುವ ಬಗೆ, ತಡಮಾಡದೆ ಚರ್ಮದ ತಜ್ಞರಿಗೆ ತೋರಿಸಬೇಕು. ಹುಳಕಡ್ಡಿ ಎಂದುಕೊಂಡು ಮುಲಾಮು ಹಚ್ಚುತ್ತ ತಿಂಗಳುಗಟ್ಟಲೆ ಕಳೆಯುವವರೇ ಹೆಚ್ಚು.

ಆಪರೇಷನ್ ದಿನವೇ ಲಸಿಕೆಯನ್ನೂ ಹಾಕಿಸಿಬಿಡಬಹುದೇ?

ಪುಟ್ಟ ನಾಯಿಗೆ ಬೇಡ. ವಾಂತಿ ಆದರೆ ಅರಿವಳಿಕೆಯಿಂದಲೋ ಲಸಿಕೆಯಿಂದಲೋ ಗೊತ್ತಾಗುವುದಿಲ್ಲ. ಜ್ವರ, ಭೇದಿ ಇದ್ದಾಗಲೂ, ಹೆಚ್ಚು ಡೋಸಿನ ಸ್ಟಿರಾಯ್ಡ್ ಕೊಡುತ್ತಿರುವಾಗಲೂ ಮುಂದೂಡಿ. ಸ್ನಾನ ಒಂದೆರಡು ದಿನ ಬಿಟ್ಟು ಮಾಡಿಸಿ. ನಿಯಮವೇನೂ ಇಲ್ಲ, ಮಂಕಾಗಿರುವ ನಾಯಿಗೆ ಕಿರಿಕಿರಿ ತಪ್ಪಲಿ ಎಂದಷ್ಟೇ.

ಯುರೋಪಿಗೆ ಮಗಳ ಮನೆಗೆ ನಾಯಿಯನ್ನೂ ಕರೆದುಕೊಂಡು ಹೋಗಬೇಕು. ಲಸಿಕೆ ಆಗಿಬರುವುದಿಲ್ಲ. ಏನು ದಾರಿ?

ರೇಬಿಸ್‌ನಿಂದ ತಪ್ಪಿಸಿಕೊಳ್ಳುವಂತಿಲ್ಲ. ಮೊದಲು ಮೈಕ್ರೋಚಿಪ್, ಆಮೇಲೆ ರೇಬಿಸ್ ಲಸಿಕೆ, 30 ದಿನ ಕಳೆದ ಮೇಲೆ ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ರಕ್ತ, ಪ್ರತಿಕಾಯದ ಮಟ್ಟ ಮಿಲಿಗೆ 0.5 ಐಯು (ಅಂತರರಾಷ್ಟ್ರೀಯ ಯೂನಿಟ್) ಮುಟ್ಟಬೇಕು, ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ಭಾರತದಿಂದ ಐರೋಪ್ಯ ಒಕ್ಕೂಟಕ್ಕೆ ಹೋಗುವ ನಾಯಿಗೆ ಕ್ರಮ ಇದು. ಬೂಸ್ಟರಿನ ತಾರೀಖು ಒಂದು ದಿನವೂ ತಪ್ಪದಂತೆ ನೋಡಿಕೊಂಡರೆ ಆ ರಕ್ತಪರೀಕ್ಷೆ ಮತ್ತೆ ಮಾಡಿಸಬೇಕಿಲ್ಲ. ತಪ್ಪಿದರೆ ಮೊದಲಿನಿಂದ. ಅಲರ್ಜಿಯ ನಾಯಿ ಇರುವವರು ಕನಿಷ್ಠ ಆರು ತಿಂಗಳು ಮುಂಚೆಯೇ ಶುರುಮಾಡಿ, ಲಸಿಕೆಯ ದಿನವನ್ನು ಅವಸರವಿಲ್ಲದೆ ಆರಿಸಿಕೊಳ್ಳಬಹುದು.

ಡಾಕ್ಟರ್ ಬದಲಾದರೆ ಹೊಸಬರಿಗೆ ಏನು ಹೇಳಬೇಕು?

"ಇಂಜೆಕ್ಷನ್ ಆಗಿಬರಲ್ಲ" ಎಂದಷ್ಟೇ ಹೇಳಿದರೆ ನಮಗೆ ಏನೂ ತಿಳಿಯುವುದಿಲ್ಲ. ಲಸಿಕೆ ಪುಸ್ತಕದಲ್ಲಿ ಬಾಟಲಿಯ ಸ್ಟಿಕರ್ ಅಂಟಿಸಿರಬೇಕು, ಅದರಲ್ಲಿ ಹೆಸರು, ಬ್ಯಾಚ್ ನಂಬರ್, ಅವಧಿ ಇರುತ್ತದೆ. ಸ್ಟಿಕರ್ ಅಂಟಿಸದೆ ಬರೀ ತಾರೀಖು ಬರೆದು ಸಹಿ ಹಾಕಿದ್ದರೆ ಅಲ್ಲೇ ಕೇಳಿ ಹಾಕಿಸಿಕೊಳ್ಳಿ. ಅದರ ಪಕ್ಕದಲ್ಲಿ ನೀವೇ ಬರೆಯಿರಿ: ಅಂದು ನಾಯಿಯ ತೂಕ, ಜೊತೆಗೆ ಬೇರೆ ಯಾವ ಲಸಿಕೆ ಹಾಕಿದ್ದರು, ಎಷ್ಟು ಹೊತ್ತಿನ ನಂತರ ಏನು ಕಂಡಿತು, ಏನು ಚಿಕಿತ್ಸೆ ಕೊಟ್ಟರು, ಎಷ್ಟು ಹೊತ್ತಿಗೆ ಇಳಿಯಿತು. ತೊಂದರೆ ಜೋರಾಗಿದ್ದರೆ ಕಂಪನಿಗೂ ತಿಳಿಸುವಂತೆ ಡಾಕ್ಟರಿಗೆ ಹೇಳಿ, ಬ್ಯಾಚ್ ನಂಬರ್ ಬೇಕಾಗುವುದು ಅಲ್ಲೇ. ಅದೇ ಸೂಲಿನ ಇನ್ನೊಂದು ಮರಿ ಯಾರ ಮನೆಯಲ್ಲಿದೆ ಎಂದು ಗೊತ್ತಿದ್ದರೆ ಅವರಿಗೂ ಫೋನ್ ಮಾಡಿ. ಒಡಹುಟ್ಟಿದ ಮರಿಗೂ ಅದೇ ಗುಣ ಇರುವ ಸಾಧ್ಯತೆ ಇದೆ, ಲಸಿಕೆ ಹಾಕಿಸುವ ದಿನ ಅವರು ಅರ್ಧ ಗಂಟೆ ಹೆಚ್ಚಿಗೆ ಕೂತು ಬರಲಿ.